ಪಂಚಮಿಯ ಅಳ್ಳು, ಇಂಗ್ಲಿಷಿನ ಒಂದು ಪದ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಜಂಬದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ, ಹೇಳಿದರೆ ಸಿಟ್ಟು ಬರುತ್ತದೆ ಎಂಬ ಭಯ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಆ ವರ್ಷ ಪಂಚಮಿಯ ಹಿಂದಿನ ವಾರ ನನ್ನನ್ನು ಫಜೀತಿಗೆ ಸಿಕ್ಕಿಸಿದ್ದು ನನ್ನ ಜಂಬವೇ.

ನಾನು ಉಗರಗೋಳದ ಕಡೆ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆ ಸವದತ್ತಿಯಲ್ಲಿ, ತವರು ಬೈಲಹೊಂಗಲದಲ್ಲಿ. ಅಲ್ಲಿ ನಮ್ಮದು ಚುರಮುರಿ ಭಟ್ಟಿ, ಅಂದರೆ ಮಂಡಕ್ಕಿ ಹುರಿಯುವ ದೊಡ್ಡ ಒಲೆ. ವರ್ಷವಿಡೀ ಚುರಮುರಿ ಹುರಿಯುವ ನನ್ನ ಅಪ್ಪ, ನಮ್ಮ ಅಬ್ಬಾ, ಶ್ರಾವಣ ಬಂತೆಂದರೆ ಅದನ್ನು ಬದಿಗಿಟ್ಟು ಜನರ ಮನೆಯ ಜೋಳದ ಅಳ್ಳು ಹುರಿದು ಕೊಡುತ್ತಾರೆ. ಅಳ್ಳು ಇಲ್ಲದ ನಾಗರ ಪಂಚಮಿ ನಮ್ಮ ಕಡೆ ಹಬ್ಬವೇ ಅಲ್ಲ. ಊರಿನ ಹೆಣ್ಣುಮಕ್ಕಳು ಬಟ್ಟೆಯ ಗಂಟಿನಲ್ಲಿ ಜೋಳ ಕಟ್ಟಿಕೊಂಡು ಬಂದು ಬೆಳಗಿನಿಂದ ನಮ್ಮ ಭಟ್ಟಿಯ ಮುಂದೆ ಪಾಳಿ ಹಚ್ಚುತ್ತಾರೆ. ಕಾದ ಉಸುಕಿನಲ್ಲಿ ಬಿದ್ದ ಜೋಳ ಸಿಡಿದು, ಬೆಳ್ಳಗೆ ಅರಳಿ ಜರಡಿಗೆ ಬರುತ್ತದೆ. ಹೋಗುವಾಗ ಪ್ರತಿಯೊಬ್ಬರೂ ಒಂದು ಬೊಗಸೆ ಅಳ್ಳು ನಮ್ಮ ಬುಟ್ಟಿಗೆ ಸುರಿದು ಹೋಗುವುದು ವಾಡಿಕೆ. ಹಬ್ಬ ಅವರದು, ಹೊಟ್ಟೆ ತುಂಬ ತಿನ್ನುವವರು ನಾವು.

ಸವದತ್ತಿಯಲ್ಲಿ ಸೋಮವಾರ ನಮ್ಮ ಇಂಗ್ಲಿಷ್ ಶಿಕ್ಷಕರ ಸಭೆ ಇತ್ತು. ತರಬೇತಿ ಕೊಡಲು ಬಂದಿದ್ದ ಸರ್ ಬಿಸ್ಕೀಟು ಡಬ್ಬಿಯಲ್ಲಿ ಚೀಟಿ ಹಾಕಿ ತಂದಿದ್ದರು. ಒಂದೊಂದು ಚೀಟಿಯಲ್ಲಿ ಒಂದೊಂದು ಚಿಕ್ಕ ಇಂಗ್ಲಿಷ್ ಪದ, ಎಲ್ಲವೂ ಸದ್ದಿನ ಪದಗಳು. ಚೀಟಿ ಎತ್ತಿದವರು ಆ ಪದದ ಮೇಲೆ ಮಾದರಿ ಪಾಠ ಮಾಡಬೇಕು. ಅರ್ಥವನ್ನು ಕನ್ನಡದಲ್ಲಿ ಹೇಳಿಬಿಡುವಂತಿಲ್ಲ, ಮಕ್ಕಳು ತಾವೇ ಕಂಡುಕೊಳ್ಳಬೇಕು. ಆಮೇಲೆ ಆ ಪದ ಎಲ್ಲಿಂದ ಬಂತು ಎನ್ನುವುದನ್ನು ಅವರಿಗೆ ತಿಳಿಯುವ ಹಾಗೆ ಹೇಳಬೇಕು. ಮೊದಲ ಪಾಠ ಶನಿವಾರ. ಅದು ಯಾರದೋ ಅವರ ಶಾಲೆಗೆ ಉಳಿದವರೆಲ್ಲ ನೋಡಲು ಬರುತ್ತಾರೆ.

ನನ್ನ ಪಕ್ಕದ ಮೇಡಮ್ಮಿಗೆ ದುಂಬಿಯ ಸದ್ದಿನ ‘ಬಜ್’ ಬಂತು. "ದುಂಬಿ ಎಲ್ಲಿಂದ ಹಿಡಕೊಂಡ ಬರ್ಲಿ ನಾ?" ಎಂದು ಅವರು ತಲೆಯ ಮೇಲೆ ಕೈ ಹೊತ್ತು ಕುಳಿತರು. ನನಗೆ ಬಂದದ್ದು ‘ಪಾಪ್’.

ನಾನು ಎದ್ದು ನಿಂತೇಬಿಟ್ಟೆ. "ಸರ್, ಮೊದಲನೇ ಪಾಠ ನಂದಽ ಇರ್ಲಿ. ಭಟ್ಟಿ ಮನಿ ಮಗಳರಿ ನಾ. ಮಕ್ಕಳ ಮುಂದ ಅಳ್ಳ ಸಿಡಿಸಿ ತೋರಿಸ್ತೇನಿ. ನನಗ ಇದು ನೀರ ಕುಡದಷ್ಟ ಹಗುರ."

ಎಲ್ಲರೂ ಚಪ್ಪಾಳೆ ತಟ್ಟಿದರು. ದುಂಬಿಯ ಮೇಡಂ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಅಂದು ಸಂಜೆ ದಪ್ಪ ನಿಘಂಟು ತೆಗೆದು ಕುಳಿತೆ. ಪದಗಳ ಹುಟ್ಟು ಹುಡುಕುವುದೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಇಂಗ್ಲಿಷಿನ ಎಷ್ಟೋ ಪದಗಳಿಗೆ ದೊಡ್ಡ ಮನೆತನ ಇರುತ್ತದೆ. ಅಪ್ಪ ಫ್ರೆಂಚ್, ಅಜ್ಜ ಲ್ಯಾಟಿನ್, ಅದರಾಚೆ ಇನ್ನೂ ಯಾರೋ ಮುತ್ತಜ್ಜ. ‘ಪಾಪ್’ ಮುಂದೆ ಮಾತ್ರ ಅಂಥ ವಂಶಾವಳಿ ಏನೂ ಇರಲಿಲ್ಲ. ಸದ್ದನ್ನು ಅನುಕರಿಸಿ ಹುಟ್ಟಿದ್ದು ಎಂದಷ್ಟೇ ಬರೆದಿತ್ತು. ಕೆಲವು ನೂರು ವರ್ಷಗಳ ಹಿಂದೆ ಅದಕ್ಕೆ ಏಟು, ಬಡಿತ ಎಂಬ ಅರ್ಥ ಇತ್ತಂತೆ. ಆಮೇಲೆ ಥಟ್ಟನೆ ಸಿಡಿಯುವ ಸಣ್ಣ ಸದ್ದಿಗೂ ಅದೇ ಹೆಸರಾಯಿತು. ಹೇಳದೆ ಕೇಳದೆ ಥಟ್ಟನೆ ಬಂದು ಹೋಗುವವರಿಗೂ ಅದೇ ಮಾತು. ಬಾಟಲಿಯ ಬೂಚು ತೆಗೆದಾಗ ಬರುವ ಸದ್ದಿನಿಂದ ಸೋಡಾಕ್ಕೂ ಅದೇ ಹೆಸರು. ಬೈಲಹೊಂಗಲದ ಬಜಾರದಲ್ಲಿ ಗೋಲಿ ಸೋಡಾ ಒಡೆಯುವಾಗ ಕೇಳಿದ ಸದ್ದು ನೆನಪಾಗಿ ಒಬ್ಬಳೇ ನಕ್ಕೆ. ಯಾವ ಹಿರೀಕರ ಆಸರೆಯೂ ಇಲ್ಲದೆ, ಯಾರೋ ಒಬ್ಬರು ಕಿವಿಗೊಟ್ಟು ಕೇಳಿ ಬಾಯಿಂದ ಹೊರಗೆ ಬಿಟ್ಟ ಪದ ಅದು. ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು.

ಬುಧವಾರ ಒಂದು ಸಲ ಮಾಡಿ ನೋಡೋಣ ಎಂದುಕೊಂಡೆ. ಸವದತ್ತಿಯ ಅಂಗಡಿಯಲ್ಲಿ ಅಳ್ಳಿನ ಜೋಳವನ್ನೇ ಕೇಳಿ ತಂದೆ. ಶಾಲೆಯ ಬಿಸಿಯೂಟದ ಒಲೆ ಇತ್ತು, ಉಸುಕು ಇತ್ತು, ಅಡುಗೆಯವರ ದೊಡ್ಡ ಬಾಣಲೆ ಇತ್ತು. ಆರನೆಯ ತರಗತಿಯ ಮಕ್ಕಳನ್ನು ಅಡುಗೆ ಕೋಣೆಯ ಪಡಸಾಲೆಯಲ್ಲಿ ದೂರ ಕೂರಿಸಿ, ಹಲಗೆಯ ಮೇಲೆ ಪದವನ್ನು ಅಂಗೈಯಷ್ಟು ದಪ್ಪ ಅಕ್ಷರದಲ್ಲಿ ಬರೆದೆ. ಉಸುಕು ಕಾಯಿತು. ಜೋಳ ಸುರಿದೆ. ಕಿವಿಗೆ ಕೈ ಹಚ್ಚಿ ಕೇಳಿರಿ ಎಂದು ಸನ್ನೆ ಮಾಡಿದೆ.

ಮಕ್ಕಳು ಕೇಳಿದರು. ನಾನೂ ಕೇಳಿದೆ. ಅಡುಗೆಯವರು ಸೌಟು ಹಿಡಿದು ನಿಂತು ಕೇಳಿದರು. ಜೋಳ ಮಾತ್ರ ತುಟಿ ಪಿಟ್ಟೆನ್ನಲಿಲ್ಲ. ಬಿಳಿ ಕಾಳು ಕೆಂಪಾಯಿತು, ಕೆಂಪು ಕಾಳು ಕಪ್ಪಾಯಿತು, ಆಮೇಲೆ ಪಡಸಾಲೆಯ ತುಂಬ ಹೊಗೆ. ಎಲ್ಲರೂ ಕೆಮ್ಮಲು ಶುರು ಮಾಡಿದರು. ಹೇಗಾದರೂ ಪಾಠ ಮುಗಿಸಬೇಕಲ್ಲ ಎಂದು ನಾನು ಹಲಗೆ ತೋರಿಸಿ, ಈ ಪದದ ಅರ್ಥವೇನು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಎದ್ದು ನಿಂತಳು.

"ಗೊತ್ತಾತ್ರಿ ಟೀಚರ್. ಪಾಪ್ ಅಂದ್ರ ಸುಟ್ಟ ವಾಸನಿ."

ಇಡೀ ತರಗತಿ ಹೌದೆಂದು ತಲೆ ಆಡಿಸಿತು. ತರಬೇತಿಯ ನಿಯಮದ ಪ್ರಕಾರ ಮಕ್ಕಳು ಅರ್ಥವನ್ನು ತಾವೇ ಕಂಡುಕೊಂಡಿದ್ದರು. ಅಡುಗೆಯವರು ಬಾಣಲೆ ಕಸಿದುಕೊಂಡು, ಇನ್ನು ಮುಂದೆ ಅದನ್ನು ಮುಟ್ಟಬೇಡಿರೆಂದು ನನಗೆ ತಾಕೀತು ಮಾಡಿದರು.

ಗುರುವಾರ ಶಾಲೆ ಬಿಟ್ಟವಳೇ ಬೈಲಹೊಂಗಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಮುಗ್ಗಿದ ಜೋಳ ಕೊಟ್ಟು ಮೋಸ ಮಾಡಿದ್ದಾನೆ, ಅವನಿಗೆ ಸರಿಯಾಗಿ ಮಾಡುತ್ತೇನೆ ಎಂದುಕೊಂಡೇ ಇಳಿದೆ. ಭಟ್ಟಿಯ ಮುಂದೆ ಸಂಜೆಯ ಪಾಳಿ ಇನ್ನೂ ಕರಗಿರಲಿಲ್ಲ. ಹತ್ತು ಹನ್ನೆರಡು ಹೆಣ್ಣುಮಕ್ಕಳು ಗಂಟು ಹಿಡಿದು ನಿಂತಿದ್ದರು. ಅಬ್ಬಾ ಉಸುಕಿನ ಮುಂದೆ ಕುಳಿತಿದ್ದರು. ಮುಖದಲ್ಲಿ ಮಸಿ ಇಲ್ಲದ ಜಾಗವೆಂದರೆ ಕಣ್ಣು ಮತ್ತು ಹಲ್ಲು ಎರಡೇ.

ನಾನು ಚೀಲದಿಂದ ಜೋಳ ತೆಗೆದು ಅವರ ಅಂಗೈಗೆ ಸುರಿದು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮನೆಯೊಳಗೆ ನಾವು ಆಡುವುದು ನಮ್ಮ ಉರ್ದು. ಗಿರಾಕಿಗಳ ಮುಂದೆ, ಮತ್ತು ನನ್ನನ್ನು ಕೆಣಕಬೇಕು ಎನಿಸಿದಾಗ, ಅಬ್ಬಾ ಕನ್ನಡಕ್ಕೆ ಹೊರಳುತ್ತಾರೆ. ಅವರು ಒಂದು ಕಾಳು ಹಲ್ಲಿನಲ್ಲಿ ಕಡಿದು ನೋಡಿದರು.

"ಜೋಳ ಭಾಳ ಚಲೋ ಐತಲ್ಲ ಬೇಟಾ. ನೀರ ಯಾವಾಗ ಹಾಕಿದ್ದಿ?"

"ಯಾವ ನೀರ?" ಎಂದೆ.

ಅಬ್ಬಾನ ಕೈ ನಿಂತಿತು. ಪಾಳಿಯಲ್ಲಿದ್ದ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎದ್ದ ನಗುವನ್ನು ನಾನು ಹೇಗೆ ಬಣ್ಣಿಸಲಿ? ಎದುರಿನ ಕಿರಾಣಿ ಅಂಗಡಿಯವರು ಏನಾಯಿತೋ ಎಂದು ಹೊರಗೆ ಬಂದರು.

ಹಿಂದಿನ ದಿನ ಸಂಜೆಯೇ ಜೋಳಕ್ಕೆ ಬಿಸಿನೀರು ಚಿಮುಕಿಸಿ, ಕೈಯಾಡಿಸಿ, ಬಟ್ಟೆಯಲ್ಲಿ ಕಟ್ಟಿ ಮುಚ್ಚಿಡಬೇಕಂತೆ. ಆ ಪಸೆ ಕಾಳಿನ ಒಳಗೆ ಇಳಿದಿರಬೇಕು. ಕಾದ ಉಸುಕಿಗೆ ಬಿದ್ದಾಗ ಅದೇ ಆವಿಯಾಗಿ ಕಾಳನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಒಣ ಕಾಳು ಸಿಡಿಯುವುದಿಲ್ಲ, ಸುಡುತ್ತದೆ. ಇದನ್ನೆಲ್ಲ ಹೆಣ್ಣುಮಕ್ಕಳು ಮನೆಯಲ್ಲೇ ಮಾಡಿಕೊಂಡು ಭಟ್ಟಿಗೆ ಬರುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಎಂದೂ ಅಳ್ಳಿಗೆ ಜೋಳ ನೆನೆಸಿದ್ದೇ ಇಲ್ಲ, ಬುಟ್ಟಿ ತಾನಾಗಿ ತುಂಬುತ್ತಿತ್ತಲ್ಲ. ಆ ಗಂಟುಗಳು ಒದ್ದೆಯಾಗಿರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನೆನೆದಿರಬೇಕು ಎಂದುಕೊಂಡಿದ್ದೆ!

"ನಾವು ಸುರದ್ದು ತಿಂದ ಬೆಳದೀರಿ ಅಕ್ಕೋರ, ನೆನಸೂದ ಹೆಂಗ ಕಲೀತೀರಿ?" ಎಂದರು ಪಾಳಿಯ ತುದಿಯಲ್ಲಿದ್ದ ಒಬ್ಬ ಅಜ್ಜಿ.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರ," ಎಂದು ಅಬ್ಬಾ ಕಣ್ಣು ಒರೆಸಿಕೊಂಡರು. "ನಮ್ಮ ಮಗಳು ಒಕ್ಕಾಲು ಮುಗಿಸ್ಯಾಳ. ಮುಕ್ಕಾಲು ಇಲ್ಲೇ ಭಟ್ಟ್ಯಾಗ ಬಿಟ್ಟ ಹೋಗ್ಯಾಳ."

ನನಗೆ ಸಿಟ್ಟು ಬಂತು, ಆಮೇಲೆ ನಗುವೂ ಬಂತು. ಎರಡೂ ಒಟ್ಟಿಗೆ ಬಂದರೆ ಮುಖ ಹೇಗೆ ಕಾಣುತ್ತದೋ ದೇವರಿಗೇ ಗೊತ್ತು. ನಗು ಇಳಿದ ಮೇಲೆ ನಾನು ಕೇಳಬೇಕೆಂದುಕೊಂಡು ಬಂದ ಮಾತನ್ನು ಕೇಳಿದೆ. "ಶನಿವಾರ ನೀವಽ ಬರ್ರಿ ಅಬ್ಬಾ. ನನ್ನ ಸಾಲ್ಯಾಗ ನೀವು ಅಳ್ಳ ಹುರೀರಿ. ನಾ ಪಾಠ ಮಾಡತೇನಿ."

ಇದು ಸಣ್ಣ ಮಾತಲ್ಲ. ನಾನು ಆ ಶಾಲೆಗೆ ಸೇರಿ ಆರು ವರ್ಷವಾಗಿತ್ತು. ಎಲ್ಲಮ್ಮನ ಗುಡ್ಡಕ್ಕೆ ಜನ ಹೆಚ್ಚುವ ಹುಣ್ಣಿಮೆಗಳಿಗೆ ಅಬ್ಬಾ ತಮ್ಮ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಉಗರಗೋಳದ ಅಂಗಡಿಗಳಿಗೆ ಚುರಮುರಿ ಚೀಲ ಹಾಕಲು ಬರುತ್ತಾರೆ. ನಮ್ಮ ಶಾಲೆ ಅದೇ ದಾರಿಯಲ್ಲಿದೆ. ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಹಾರ್ನ್ ಹೊಡೆದು, ಒಂದು ಪೊಟ್ಟಣ ನನ್ನ ಕೈಗಿಟ್ಟು ಹೊರಟೇಬಿಡುತ್ತಾರೆ. ಒಳಗೆ ಬನ್ನಿ ಎಂದರೆ, "ಮೂರನೇ ಕ್ಲಾಸಿನಾಗ ಸಾಲಿ ಬಿಟ್ಟೇನಿ. ಮಗ್ಗಿ ಇನ್ನೂ ಬಾಕಿ ಐತಿ. ನಿಮ್ಮ ಹೆಡ್‌ಮಾಸ್ತರ ಕೇಳಿದ್ರ ಏನ ಮಾಡ್ಲಿ?" ಎಂದು ನಗಿಸಿ ಜಾರಿಕೊಳ್ಳುತ್ತಾರೆ. ನಾನು ಓದುವಾಗಲೂ ಅಷ್ಟೇ. ಅಂಕಪಟ್ಟಿಗೆ ಸಹಿ ಮಾಡಲು ಬರುತ್ತಿದ್ದವರು ಅಮ್ಮಿ. ನನ್ನ ತರಗತಿಯ ಮಕ್ಕಳ ಅಪ್ಪಂದಿರು ಎಷ್ಟೋ ಜನ ಹೊಲಕ್ಕೆ ಹೋಗುವಾಗ ಕಿಟಕಿಯಲ್ಲಿ ನಿಂತು ನನ್ನ ಪಾಠ ಕೇಳಿದ್ದಾರೆ. ನನ್ನ ಅಪ್ಪ ಒಂದು ದಿನವೂ ಕೇಳಿರಲಿಲ್ಲ.

"ಪಂಚಮಿ ವಾರ ಭಟ್ಟಿ ಬಿಟ್ಟ ಹೋದ್ರ ಈ ಹೆಣ್ಮಕ್ಕಳು ನನ್ನಽ ಹುರದ ಉಂಡಿ ಕಟ್ಟತಾರ," ಎಂದರು ಅಬ್ಬಾ. ಪಾಳಿ ಮತ್ತೆ ನಕ್ಕಿತು. ಆಮೇಲೆ ನನಗಷ್ಟೇ ಕೇಳುವ ಹಾಗೆ ಉರ್ದುವಿನಲ್ಲಿ, ಅಷ್ಟೊಂದು ಜನ ಮಾಸ್ತರರ ನಡುವೆ ನನ್ನದೇನು ಕೆಲಸ, ನನ್ನಿಂದ ನಿನ್ನ ಮರ್ಯಾದೆ ಕಡಿಮೆಯಾಗಬಾರದು ಎಂದರು. ಅದನ್ನು ಕೇಳಿ ನನಗೆ ಬಹಳ ನೋವಾಯಿತು. ನಾನು ಒಳಗೆ ಹೋಗಿ ಕುಳಿತೆ.

ದಾರಿ ತೆಗೆದದ್ದು ಅಮ್ಮಿ. ಶನಿವಾರ ಬೆಳಿಗ್ಗೆ ಭಟ್ಟಿ ನಾನು ನೋಡಿಕೊಳ್ಳುತ್ತೇನೆ, ನೀವು ಒಳಗೆ ಹೋಗಬೇಡಿ, ಸಾಮಾನು ಗೇಟಿನ ತನಕ ಮುಟ್ಟಿಸಿ ಬನ್ನಿ ಎಂದು ಅಬ್ಬಾಗೆ ಹೇಳಿದರು. ಗೇಟು ಎಂದದ್ದಕ್ಕೆ ಅಬ್ಬಾ ಒಪ್ಪಿದರು.

ಶನಿವಾರ ಬೆಳಗಿನ ಶಾಲೆ. ತರಬೇತಿಯ ಸರ್ ಬಂದರು, ಸವದತ್ತಿ ಕಡೆಯ ಹತ್ತು ಹದಿನೈದು ಶಿಕ್ಷಕರು ಬಂದರು, ದುಂಬಿಯ ಮೇಡಂ ಎಲ್ಲರಿಗಿಂತ ಮೊದಲು ಬಂದರು. ಅಷ್ಟರಲ್ಲಿ ಟಂಟಂ ಸದ್ದು ಕೇಳಿತು. ಅಬ್ಬಾ ಬಿಳಿ ಅಂಗಿ ಹಾಕಿ, ಮುಖ ತೊಳೆದು, ತಲೆ ಬಾಚಿಕೊಂಡು ಬಂದಿದ್ದರು. ಪಂಚಮಿ ವಾರದಲ್ಲಿ ಅವರ ಮುಖದ ಬಣ್ಣ ನಾನು ನೋಡಿದ್ದು ಅದೇ ಮೊದಲು. ಗಾಡಿಯಿಂದ ಬಾಣಲೆ, ಕಾದು ಕಾದು ಕಪ್ಪಾದ ಉಸುಕಿನ ಚೀಲ, ಜರಡಿ, ನೆನೆಸಿದ ಜೋಳದ ಗಂಟು ಇಳಿಸಿದರು. ಮಕ್ಕಳು ಸುತ್ತ ಮುತ್ತಿದರು.

"ಉಸುಕು ಹೊಗಿ ಆಡೂ ಮೊದಲ ಕಾಳ ಹಾಕಬ್ಯಾಡ. ಒಂದಽ ಹಿಡಿ ಹಾಕು. ಕೈ ನಿಲ್ಲಿಸಬ್ಯಾಡ. ಸದ್ದು ತೆಳ್ಳಗಾತಂದ್ರ ಆ ಕ್ಷಣಕ್ಕಽ ಜರಡಿಗೆ ತಗಿ. ತಿಳೀತಿಲ್ಲೊ?" ಎಂದರು ಅಬ್ಬಾ. ಒಂದು ಕಾಲನ್ನು ಆಗಲೇ ಗಾಡಿಯಲ್ಲಿಟ್ಟಿದ್ದರು.

ತಿಳಿಯಿತು ಎನ್ನಲು ಬಾಯಿ ತೆರೆದೆ. ಅದು ನನ್ನ ಹಳೆಯ ಚಟ. ಎರಡು ಜಡೆಯ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಬುಧವಾರದ ಹೊಗೆ ಅವಳ ಮುಖದಲ್ಲಿ ಇನ್ನೂ ಇದ್ದಂತಿತ್ತು.

"ನನಗ ಬರೂದಿಲ್ಲ ಅಬ್ಬಾ," ಎಂದೆ, ಎಲ್ಲ ಮಕ್ಕಳ ಮುಂದೆ, ಗಟ್ಟಿಯಾಗಿ. "ಸದ್ದು ತೆಳ್ಳಗ ಆಗೂದಂದ್ರ ಏನಂತ ನನಗ ಗೊತ್ತಿಲ್ಲ. ನಿಮಗ ಗೊತ್ತೈತಿ."

ಅಬ್ಬಾ ಗಾಡಿಯಿಂದ ಕಾಲು ಇಳಿಸಿದರು. ನನ್ನ ಮುಖ ನೋಡಿದರು. ನಾನು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, ಗೇಟಿನ ಹತ್ತಿರವೇ ಚಪ್ಪಲಿ ಕಳಚಿದರು. ಇಲ್ಲಿ ಬೇಡ, ಕೋಣೆಯ ಬಾಗಿಲಿನಲ್ಲಿ ಬಿಟ್ಟರೆ ಸಾಕು ಎಂದರೂ ಕೇಳಲಿಲ್ಲ. ಬರಿಗಾಲಿನಲ್ಲಿ, ಮಕ್ಕಳ ಮೆರವಣಿಗೆಯ ನಡುವೆ ಬಾಣಲೆ ಹೊತ್ತು ಒಳಗೆ ನಡೆದರು. ನಾನು ಜೋಳದ ಗಂಟು ಎತ್ತಿಕೊಂಡು ಅವರ ಹಿಂದೆಯೇ ಹೋದೆ.

ಒಲೆಯ ಮುಂದೆ ಕುಳಿತದ್ದೇ ತಡ, ಅವರ ಅಂಜಿಕೆ ಎಲ್ಲಿ ಹೋಯಿತೋ. ಉಸುಕು ಕಾಯಿತು. ಕಾಳು ಹಾಕುವ ಮೊದಲು ಮಕ್ಕಳ ಕಡೆ ತಿರುಗಿ, "ಎಲ್ಲಾರೂ ಕಣ್ಣ ಮುಚ್ರಿ," ಎಂದರು. "ಅಳ್ಳ ಕಣ್ಣಿಂದ ಹುರಿಯೂದಲ್ಲ, ಕಿವಿಯಿಂದ." ಇದು ನನ್ನ ಪಾಠದ ಟಿಪ್ಪಣಿಯಲ್ಲಿ ಇರಲಿಲ್ಲ. ನಾನೂ ಕಣ್ಣು ಮುಚ್ಚಿದೆ. ಆಮೇಲೆ ಕದ್ದು ನೋಡಿದರೆ ತರಬೇತಿಯ ಸರ್ ಕೂಡ ಮುಚ್ಚಿದ್ದರು.

ಉಸುಕಿನಲ್ಲಿ ಕಾಳು ಹೊರಳುವ ಸರಸರ ಬಿಟ್ಟರೆ ಬೇರೇನೂ ಕೇಳಲಿಲ್ಲ. ಆಗ ಒಂದೇ ಒಂದು ಕಾಳು ಸಿಡಿಯಿತು.

"ಪಾಪ್!" ಎಂದಳು ಎರಡು ಜಡೆಯ ಹುಡುಗಿ, ಕಣ್ಣು ಮುಚ್ಚಿಕೊಂಡೇ. ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೆಯ ಕಾಳಿಗೆ ನಾಲ್ಕು ಮಕ್ಕಳು ಕೂಗಿದರು, ಆಮೇಲೆ ಎಲ್ಲ ಕಾಳುಗಳೂ ಒಟ್ಟಿಗೆ ಸಿಡಿದವು, ಮಕ್ಕಳು ಒಟ್ಟಿಗೆ ಕೂಗಿದರು. ಬಾಣಲೆ ಕೂಗಿತೋ ತರಗತಿ ಕೂಗಿತೋ ತಿಳಿಯದಂತಾಯಿತು. ಕಣ್ಣು ತೆರೆದರೆ ಬಾಣಲೆಯ ತುಂಬ ಬೆಳ್ಳನೆಯ ಅಳ್ಳು. ಒಂದು ಕಾಳು ಎಗರಿ ಹೋಗಿ ತರಬೇತಿಯ ಸರ್ ಕನ್ನಡಕಕ್ಕೆ ಬಡಿಯಿತು. ಸಾಕಷ್ಟು ನಕ್ಕಾದ ಮೇಲೆ ನಾನು, ಈ ಪದಕ್ಕೆ ಬಹಳ ಹಿಂದೆ ಏಟು ಎಂಬ ಅರ್ಥವೂ ಇತ್ತು, ಸರ್ ಈಗ ತಿಂದದ್ದು ಆ ಹಳೆಯ ಅರ್ಥ ಎಂದು ವಿವರಿಸಿದೆ.

ಸರ್ ಕನ್ನಡಕ ಒರೆಸಿಕೊಂಡು ಮಕ್ಕಳನ್ನು ಕೇಳಿದರು. "ಹಂಗಾದ್ರ ಈ ಪದ ಎಲ್ಲಿಂದ ಬಂತು?"

ಮಕ್ಕಳು ನನ್ನ ಕಡೆ ತಿರುಗಿದರು. ನಾನು ಸೀಮೆಸುಣ್ಣ ಹಿಡಿದು ಅನುಕರಣೆ ಮುಂತಾದ ದೊಡ್ಡ ಮಾತು ಹುಡುಕುತ್ತಿದ್ದೆ. ಜರಡಿ ಆಡಿಸುತ್ತಿದ್ದ ಅಬ್ಬಾ ತಲೆ ಎತ್ತಿದರು.

"ನನ್ನ ಗಾಡಿಗೆ ಏನಂತೀರೋ ಹುಡುಗೂರಽ?"

"ಟಂಟಂ!"

"ನಿಮ್ಮ ಕಾಕಾನ ಎರಡ ಗಾಲಿ ಗಾಡಿಗೆ?"

"ಫಟಫಟಿ!"

"ಆ ಹೆಸರ ಯಾರ ಇಟ್ರು? ಅದಽ ಓಡಕೋತ ಹೇಳಿತು, ನಾವು ಕೇಳಿದ್ವಿ. ಆ ದೇಶದಾಗ ಯಾವ್ನೋ ಹಿಂಗಽ ಒಲಿ ಮುಂದ ಕುಂತಿರಬೇಕು. ಕಾಳ ಹೇಳಿತು, ಅಂವ ಕೇಳಿದ."

ದಪ್ಪ ನಿಘಂಟು ಎರಡು ಸಾಲಿನಲ್ಲಿ ಹೇಳಿದ್ದನ್ನು ಅಬ್ಬಾ ಮೂರು ಮಾತಿನಲ್ಲಿ ಹೇಳಿ, ಇನ್ನೊಂದು ಹಿಡಿ ಕಾಳು ಉಸುಕಿಗೆ ಹಾಕಿದರು. ಸರ್ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಮಕ್ಕಳು ಅಳ್ಳಿಗೆ ಬೆಲ್ಲ ಬೇಕು ಎಂದು ಗಲಾಟೆ ಎಬ್ಬಿಸಿದರು. ಅಡುಗೆಯವರು ಎಲ್ಲ ಮರೆತು ಬೆಲ್ಲ ಕುಟ್ಟಿ ತಂದರು.

ಎಲ್ಲ ಮುಗಿದ ಮೇಲೆ ಹೆಡ್‌ಮಾಸ್ತರ ಕೋಣೆಯಲ್ಲಿ ಚಹಾ. ಅಬ್ಬಾ ಬಾಗಿಲಲ್ಲಿ ನಿಂತಿದ್ದರು. ಹೆಡ್‌ಮಾಸ್ತರು ಎದ್ದು, "ಬರ್ರಿ ಚಾಚಾ, ಕುಂದರ್ರಿ," ಎಂದು ಕೈಹಿಡಿದು ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಶಾಲೆಗೆ ಭೇಟಿ ಕೊಟ್ಟವರು ಬರೆಯುವ ದೊಡ್ಡ ಪುಸ್ತಕ ಮೇಜಿನ ಮೇಲೆ ಸುತ್ತುತ್ತಿತ್ತು. ಹೆಸರು, ಉದ್ಯೋಗ, ಬಂದ ಉದ್ದೇಶ, ಸಹಿ. ಶಿಕ್ಷಕರೆಲ್ಲ ಉದ್ದೇಶದ ಕೆಳಗೆ ಸಾಲಾಗಿ ‘ಪಾಠ ವೀಕ್ಷಣೆ’ ಎಂದು ಬರೆದಿದ್ದರು. ಪುಸ್ತಕ ಅಬ್ಬಾನ ಮುಂದೆ ಬಂತು. ನಾನು ಬರೆದು ಕೊಡಲೇ ಎಂದು ಪೆನ್ನು ಚಾಚಿದೆ. ಅವರು ಪೆನ್ನಷ್ಟೇ ತೆಗೆದುಕೊಂಡರು.

ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಉದ್ಯೋಗದ ಕೆಳಗೆ ‘ಭಟ್ಟಿ’ ಎಂದು ಬರೆದರು. ಉದ್ದೇಶದ ಹತ್ತಿರ ಪೆನ್ನು ಬಹಳ ಹೊತ್ತು ನಿಂತಿತು. ಮೇಲಿನವರೆಲ್ಲ ಏನು ಬರೆದಿದ್ದಾರೆ ಎಂದು ಬೆರಳಿಟ್ಟು ಓದಿದರು. ಅದು ತಮ್ಮದಲ್ಲ ಎನ್ನಿಸಿರಬೇಕು. ಆಮೇಲೆ ಬಗ್ಗಿ, ಗಟ್ಟಿಯಾಗಿ ಒತ್ತಿ, ‘ಪಾಠ ಹೇಳಾಕ’ ಎಂದು ಬರೆದು, ಸಹಿ ಮಾಡಿ, ಪೆನ್ನನ್ನು ನನ್ನ ಕೈಗೆ ಕೊಟ್ಟರು.

ಅದು ನನ್ನ ಕೆಂಪು ಪೆನ್ನು. ತಪ್ಪು ಕಂಡಲ್ಲಿ ಗೀಟು ಹಾಕದೆ ಬಿಡುವ ಜಾಯಮಾನ ನನ್ನದಲ್ಲ. ಆ ಸಾಲನ್ನು ಎರಡು ಸಲ ಓದಿ, ಪೆನ್ನಿನ ಟೊಪ್ಪಿಗೆ ಹಾಕಿದೆ.